ಬೇಟೆ ಮಾಂಸದಲ್ಲಿ ಹುಳು: ಯಾವುದನ್ನು ಎಸೆಯಬೇಕು, ಯಾವುದನ್ನು ಪರೀಕ್ಷಿಸಬೇಕು, ಯಾವುದಕ್ಕೆ ಹೆದರಬೇಕಿಲ್ಲ?

ತುಂಗಾತೀರ (ಬವೇರಿಯಾ)

ಹೊರದೇಶದಲ್ಲಿ ಪರವಾನಗಿ ಪಡೆದು ಬೇಟೆಯಾಡುವ ಕನ್ನಡಿಗರಿಗೂ ಬೇಟೆಗಾರ ಗೆಳೆಯರಿಂದ ಮಾಂಸ ತರುವವರಿಗೂ ಉಪಯೋಗವಾಗಲಿ ಅಂತ ಈ ಎಳೆ ತೆರೆದಿದ್ದೇನೆ. ಬಲ್ಲವರು ವಿವರವಾಗಿ ಬರೆಯಿರಿ.

ಜಿಂಕೆಯ ಹೊಟ್ಟೆ ಸೀಳಿದಾಗ ಕರುಳಿನ ಮೇಲೆ ಬಿಳಿ ದಾರದಂಥ ಉದ್ದ ಹುಳು ಕಾಣುತ್ತವೆ. ಆ ಮಾಂಸ ತಿನ್ನಬಹುದೇ? ಲಿವರ್‌ನಲ್ಲಿ ಗಂಟು, ಗಂಟಿನೊಳಗೆ ಕಪ್ಪು ಕೆಸರು ಇದ್ದರೆ? ಕಾಡುಹಂದಿಯಲ್ಲಿ ಕಣ್ಣಿಗೆ ಏನೂ ಕಾಣದಿದ್ದರೂ ಇಲ್ಲಿನ ಕಚೇರಿಯವರು ಮಾಂಸದ ತುಂಡು ಕೇಳುವುದೇಕೆ? ಇನ್ನು ಎಲ್ಲರೂ ಹೇಳುವ ಮಾತು: ಮೂರು ವಾರ ಫ್ರೀಜರ್‌ನಲ್ಲಿಟ್ಟರೆ ಹುಳು ಸಾಯುತ್ತದೆ. ಇದು ನಿಜವೇ?

ಪಶುವೈದ್ಯೆ_ಹಾಸನ

ಜನ ಎಡವುವುದು ಒಂದೇ ಕಡೆ. ಕಣ್ಣಿಗೆ ಕಾಣುವ ಹುಳು ನೋಡಿ ಒಳ್ಳೆಯ ಮಾಂಸವನ್ನು ಎಸೆಯುತ್ತಾರೆ, ಕಣ್ಣಿಗೆ ಕಾಣದ ಹುಳು ಇರುವ ಮಾಂಸವನ್ನು ಅರೆಬೇಯಿಸಿ ತಿನ್ನುತ್ತಾರೆ. ಜಿಂಕೆ ಜಾತಿಯಲ್ಲಿ ಬರಿಗಣ್ಣಿಗೆ ಕಾಣುವ ಹುಳುಗಳಲ್ಲಿ ಬಹುಪಾಲು ಮಾಂಸ ತಿಂದವರಿಗೆ ಅಂಟುವುದೇ ಇಲ್ಲ. ಮಾಂಸಖಂಡದೊಳಗೆ ಅಡಗಿ ಮನುಷ್ಯನನ್ನು ಮಲಗಿಸುವ ಟ್ರೈಕಿನೆಲ್ಲಾ ಎಂಬ ಸಣ್ಣ ಹುಳು ಮಾತ್ರ ಎಂಥ ಅನುಭವಿ ಕಟುಕನ ಕಣ್ಣಿಗೂ ಬೀಳುವುದಿಲ್ಲ.

ಹೊಟ್ಟೆಯ ಪೊಳ್ಳಿನಲ್ಲಿ ಸಿಗುವ ಬಿಳಿ ದಾರ ಸಾಮಾನ್ಯವಾಗಿ ಸೆಟೇರಿಯಾ. ಅದು ಕರುಳಿನ ಒಳಗಲ್ಲ, ಹೊರಗೆ ಇರುತ್ತದೆ. ಸೊಳ್ಳೆಯಂಥ ರಕ್ತ ಹೀರುವ ಕೀಟಗಳ ಮೂಲಕ ಹರಡುತ್ತದೆ. ಮಾಂಸಖಂಡಕ್ಕೆ ಹೋಗುವುದಿಲ್ಲ. ಪ್ರಾಣಿ ಚೆನ್ನಾಗಿ ಮೈತುಂಬಿಕೊಂಡಿದ್ದು, ಹೊಟ್ಟೆಯ ಒಳಪದರ ನುಣುಪಾಗಿ ಹೊಳೆಯುತ್ತಿದ್ದರೆ ಹುಳು ತೆಗೆದು ಮಾಂಸ ಬಳಸಬಹುದು. ಒಳಪದರ ಮಂಕಾಗಿ ಅಂಟಿಕೊಂಡು, ಕೀವು ಅಥವಾ ಕೆಟ್ಟ ವಾಸನೆ ಇದ್ದರೆ ಕಥೆ ಬೇರೆ. ಅಲ್ಲಿ ತೊಂದರೆ ಕೊಡುವುದು ಹುಳುವಲ್ಲ, ಬ್ಯಾಕ್ಟೀರಿಯಾ. ಇಡೀ ದೇಹವನ್ನೇ ಬಿಡಬೇಕು.

ಕರುಳಿನ ಮೇಲಿನ ಕೊಬ್ಬಿನ ಪದರಕ್ಕೆ ಅಥವಾ ಲಿವರ್‌ಗೆ ನೀರು ತುಂಬಿದ ಗುಳ್ಳೆ ತೂಗುತ್ತಿದ್ದು, ಒಳಗೆ ಒಂದೇ ಒಂದು ಬಿಳಿ ಚುಕ್ಕೆ ಕಂಡರೆ ಅದು ನಾಯಿ, ತೋಳಗಳ ಲಾಡಿಹುಳು ಟೀನಿಯಾ ಹೈಡಾಟಿಜೆನಾದ ಮರಿ. ಮೂಸ್, ಕ್ಯಾರಿಬೂ ಎಂಬ ಉತ್ತರದ ದೊಡ್ಡ ಜಿಂಕೆಗಳ ಮಾಂಸದೊಳಗೆ ಅಕ್ಕಿಕಾಳಿನಷ್ಟು ಬಿಳಿ ಗುಳ್ಳೆ ಇದ್ದರೆ ಅದು ಟೀನಿಯಾ ಕ್ರಾಬೈ. ಎರಡೂ ತಿಂದವರಲ್ಲಿ ಬೆಳೆಯುವುದಿಲ್ಲ, ನಾಯಿಯ ಹೊಟ್ಟೆಯಲ್ಲಿ ಬೆಳೆಯುತ್ತವೆ. ಹಾಗಾಗಿ ಕತ್ತರಿಸಿ ತೆಗೆದ ಭಾಗವನ್ನು ಹಸಿಯಾಗಿ ನಾಯಿಗೆ ಎಸೆಯಬಾರದು. ಹಂದಿಮಾಂಸದ ಟೀನಿಯಾ ಸೋಲಿಯಂ ಜೊತೆ ಇದನ್ನು ಕಲಸಬೇಡಿ, ಅದು ಮನುಷ್ಯನದೇ ಲಾಡಿಹುಳು.

ಶ್ವಾಸಕೋಶದಲ್ಲಿ ಗಟ್ಟಿ ಗೋಡೆಯ ನೀರ್ಗುಳ್ಳೆ ಇದ್ದರೆ, ಮುಖ್ಯವಾಗಿ ಕೆನಡಾ ಮತ್ತು ಉತ್ತರ ಅಮೆರಿಕದ ಮೂಸ್, ಎಲ್ಕ್‌ಗಳಲ್ಲಿ, ಎಕಿನೊಕಾಕಸ್ ಎಂದೇ ತಿಳಿದು ನಡೆಯಿರಿ. ಗುಳ್ಳೆಯಿಂದ ನೇರವಾಗಿ ನಮಗೆ ಬರುವುದಿಲ್ಲ. ಆ ಶ್ವಾಸಕೋಶವನ್ನು ನಾಯಿ ತಿಂದರೆ ಅದರ ಕರುಳಿನಲ್ಲಿ ಸಣ್ಣ ಲಾಡಿಹುಳು ಬೆಳೆದು, ಮಲದಲ್ಲಿ ಮೊಟ್ಟೆ ಹೊರಬಿದ್ದು, ಆ ಮೊಟ್ಟೆ ಮನೆಯವರ ಕೈಗೆ, ಬಾಯಿಗೆ ಸೇರುತ್ತದೆ. ನಮ್ಮ ಕಡೆ ಕುರಿ ಕಾಯುವವರ ನಾಯಿಗಳಿಂದ ಹೈಡಾಟಿಡ್ ಗಡ್ಡೆ ಬರುವುದೂ ಇದೇ ದಾರಿಯಲ್ಲಿ.

ಲ್ಯಾಬ್_ಬೆಂಚು

ಕಾಡುಹಂದಿಯ ಪ್ರಶ್ನೆಗೆ ನನ್ನ ಉತ್ತರ. ಟ್ರೈಕಿನೆಲ್ಲಾ ಮರಿ ಸುಮಾರು 1 ಮಿಲಿಮೀಟರ್ ಉದ್ದ, 0.03 ಮಿಲಿಮೀಟರ್ ದಪ್ಪ. ಮಾಂಸದ ಎಳೆಯೊಳಗೆ ಸುರುಳಿ ಸುತ್ತಿ ಕೂತಿರುತ್ತದೆ. ಹಂದಿ ಆರೋಗ್ಯವಾಗಿಯೇ ಓಡಾಡುತ್ತಿರುತ್ತದೆ. ಆದ್ದರಿಂದ ಯುರೋಪಿನ ಒಕ್ಕೂಟದಲ್ಲಿ ಮಾರಾಟಕ್ಕೆ ಹೋಗುವ ಪ್ರತಿ ಕಾಡುಹಂದಿಗೂ ಪರೀಕ್ಷೆ ಕಡ್ಡಾಯ. ಜರ್ಮನಿಯಲ್ಲಿ ಮನೆಬಳಕೆಗಾದರೂ ಬಿಡುವಂತಿಲ್ಲ.

ಮಾದರಿ ತೆಗೆಯುವುದು ಹೀಗೆ: ವಪೆಯ ಕಂಬದಿಂದ ಒಂದು ತುಂಡು, ಮುಂಗಾಲಿನ ಮಾಂಸದಿಂದ ಒಂದು ತುಂಡು, ಒಂದೊಂದೂ ಅಕ್ರೋಟಿನಷ್ಟು ದೊಡ್ಡದು. ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಮಾಂಸದ ಪರದೆ; ವಪೆಯ ಕಂಬ ಅಂದರೆ ಅದು ಬೆನ್ನುಮೂಳೆಗೆ ಅಂಟಿಕೊಳ್ಳುವ ದಪ್ಪ ಭಾಗ, ತೆಳು ಅಂಚಲ್ಲ. ಕರುಳು ತೆಗೆಯುವ ಅವಸರದಲ್ಲಿ ಇದನ್ನೂ ಕಿತ್ತು ಎಸೆದುಬಿಡುತ್ತಾರೆ. ಮೊದಲೇ ನೆನಪಿರಲಿ. ಗುಂಡು ತಾಗಿ ವಪೆ ಚಿಂದಿಯಾಗಿದ್ದರೆ ನಾಲಿಗೆ ಮತ್ತು ಮುಂಗಾಲು ಸಾಕು. ಕರಡಿಯಾದರೆ ವಪೆ, ದವಡೆಯ ಮಾಂಸ, ನಾಲಿಗೆ. ತೊಡೆ ಅಥವಾ ಬೆನ್ನಿನ ಮಾಂಸ ಕಳಿಸಬೇಡಿ, ಅಲ್ಲಿ ಮರಿಗಳ ಸಂಖ್ಯೆ ಕಡಿಮೆ, ಇದ್ದರೂ ತಪ್ಪಿಹೋಗಬಹುದು.

ಕೊಬ್ಬು, ನರ, ಪೊರೆ ಬಿಡಿಸಿ ಬರೀ ಕೆಂಪು ಮಾಂಸ ಕೊಡಿ. ಒಂದು ಪ್ರಾಣಿಗೆ ಒಂದೇ ಚೀಲ, ಚೀಲದ ಮೇಲೆ ಹಂದಿಗೆ ಕಟ್ಟಿದ ಬಿಲ್ಲೆಯದೇ ಸಂಖ್ಯೆ. ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹೆಪ್ಪುಗಟ್ಟಿ ಸತ್ತ ಮರಿ ಸುರುಳಿ ಬಿಚ್ಚಿಕೊಂಡು ಅಲ್ಪವಿರಾಮದ ಆಕಾರಕ್ಕೆ ಬರುತ್ತದೆ, ಅಲುಗುವುದಿಲ್ಲ, ಗುರುತಿಸುವುದು ಕಷ್ಟ.

ಪ್ರಯೋಗಾಲಯದೊಳಗೆ ನಡೆಯುವ ಕೆಲಸವೂ ತಿಳಿದಿರಲಿ. 2 ಲೀಟರ್ ನೀರನ್ನು 46–48 ಡಿಗ್ರಿಗೆ ಕಾಯಿಸಿ, ಅದಕ್ಕೆ 25 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲ 16 ಮಿಲಿ, ಆಮೇಲೆ ಮಾಂಸ ಕರಗಿಸುವ ಕಿಣ್ವ ಪೆಪ್ಸಿನ್ 10 ಗ್ರಾಂ, ಕೊನೆಗೆ ಕೊಚ್ಚಿದ ಮಾಂಸ 100 ಗ್ರಾಂ. ಕಾಡುಹಂದಿಗೆ ತಲಾ 5 ಗ್ರಾಂ, ಅಂದರೆ ಒಂದು ಸುತ್ತಿಗೆ 20 ಹಂದಿ. ಆಮ್ಲ ಮೊದಲು, ಪೆಪ್ಸಿನ್ ಆಮೇಲೆ. ನೀರಿಲ್ಲದ ಪಾತ್ರೆಯಲ್ಲಿ ಎರಡೂ ನೇರವಾಗಿ ಸೇರಿದರೆ ಪೆಪ್ಸಿನ್ ಸತ್ತು ಪರೀಕ್ಷೆಯೇ ವ್ಯರ್ಥ. 44–46 ಡಿಗ್ರಿಯಲ್ಲಿ 30 ನಿಮಿಷ ತಿರುಗಿಸಿ, 180 ಮೈಕ್ರಾನ್ ಜರಡಿಯಲ್ಲಿ ಸೋಸಿ, ಬೇರ್ಪಡಿಸುವ ಕೊಳವೆಯಲ್ಲಿ 30 ನಿಮಿಷ ಬಿಡುತ್ತಾರೆ. ತಳದಿಂದ 40 ಮಿಲಿ ಇಳಿಸಿ, ಮತ್ತೆ 10 ನಿಮಿಷ ಬಿಟ್ಟು ಮೇಲಿನ 30 ಮಿಲಿ ತೆಗೆದು, ಉಳಿದದ್ದನ್ನು 15ರಿಂದ 20 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಜರಡಿಯ ಮೇಲೆ ಕರಗದ ಮಾಂಸ ಮೊದಲ ತೂಕದ ಶೇಕಡಾ 5ಕ್ಕಿಂತ ಹೆಚ್ಚು ಉಳಿದರೆ ಆ ಸುತ್ತು ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಅದಕ್ಕೆ ಕಾರಣ ಬೇಟೆಗಾರ ಕೊಟ್ಟ ತುಂಡಿನಲ್ಲಿದ್ದ ನರ ಮತ್ತು ಪೊರೆ.

ಗಾಜಿನ ನಡುವೆ ಮಾಂಸ ಒತ್ತಿ ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ಟ್ರೈಕಿನೆಲ್ಲಾ ಸೂಡೋಸ್ಪೈರಾಲಿಸ್ ಎಂಬ ಜಾತಿ ತನ್ನ ಸುತ್ತ ಕೋಶ ಕಟ್ಟಿಕೊಳ್ಳುವುದಿಲ್ಲ, ಒತ್ತಿ ನೋಡಿದರೆ ತಪ್ಪಿಸಿಕೊಳ್ಳುತ್ತದೆ.

ತುಂಗಾತೀರ (ಬವೇರಿಯಾ)

ಧನ್ಯವಾದ. ಫಲಿತಾಂಶ ಬರುವ ಮುಂಚೆ ಚರ್ಮ ಸುಲಿಯಬಹುದೇ?

ಲ್ಯಾಬ್_ಬೆಂಚು

ಸುಲಿದು ತಣ್ಣಗಿಡಬಹುದು. ದೊಡ್ಡ ಬೇಟೆ ಪ್ರಾಣಿಯ ಮಾಂಸ ಒಳಗಿನವರೆಗೂ 7 ಡಿಗ್ರಿಗಿಂತ ಕೆಳಗೆ ಇಳಿಯಬೇಕು. ಆದರೆ ಫಲಿತಾಂಶ ಕೈಗೆ ಬರುವವರೆಗೆ ಕೊಚ್ಚುವುದು, ಬೇರೆ ಹಂದಿಯ ಮಾಂಸದ ಜೊತೆ ಬೆರೆಸುವುದು, ಹಂಚುವುದು ಬೇಡವೇ ಬೇಡ. ಒಂದು ಹಂದಿಯಲ್ಲಿ ಸಿಕ್ಕಿತು ಅಂದರೆ ಬೆರೆಸಿದ್ದೆಲ್ಲ ಎಸೆಯಬೇಕಾಗುತ್ತದೆ.

ಇನ್ನೊಂದು ವಿಷಯ. ಕಾಡುಹಂದಿ ಮಾಂಸ ಪರೀಕ್ಷಿಸುವ ತಟ್ಟೆಯಲ್ಲಿ ಕೆಲವೊಮ್ಮೆ ಟ್ರೈಕಿನೆಲ್ಲಾ ಬದಲು ಅರ್ಧ ಮಿಲಿಮೀಟರ್ ಉದ್ದದ ಚಪ್ಪಟೆ ಹುಳು ಹಿಗ್ಗಿ ಕುಗ್ಗಿ ತೆವಳುವುದು ಕಾಣುತ್ತದೆ. ಅದು ಅಲೇರಿಯಾ ಅಲಾಟಾ. ನರಿ, ತೋಳಗಳ ಹುಳು. ಬಸವನಹುಳು, ಕಪ್ಪೆ ದಾಟಿ ಹಂದಿಗೆ ಬರುತ್ತದೆ. ಕೆರೆ, ಜೌಗು ಇರುವ ಕಡೆ ಹೆಚ್ಚು. ಅದು ಕಂಡ ಮಾಂಸವನ್ನೂ ಜರ್ಮನಿಯಲ್ಲಿ ತಿನ್ನಲು ಯೋಗ್ಯವೆಂದು ಬಿಡುವುದಿಲ್ಲ. ಈ ಪೆಪ್ಸಿನ್ ಪರೀಕ್ಷೆ ಅದಕ್ಕಾಗಿ ಮಾಡಿದ್ದಲ್ಲ, ಹಾಗಾಗಿ ಎಷ್ಟೋ ಸಲ ತಪ್ಪಿಹೋಗುತ್ತದೆ. ಪರೀಕ್ಷೆ ಪಾಸಾದ ಕಾಡುಹಂದಿಯನ್ನೂ ಪೂರ್ತಿ ಬೇಯಿಸಿ ತಿನ್ನಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಕಬಿನಿ_ರವಿ

ಫ್ರೀಜರ್ ವಿಷಯ ಯಾಕೆ ಇಷ್ಟು ದೊಡ್ಡದು ಮಾಡುತ್ತೀರಿ? ಮೈನಸ್ 15 ಡಿಗ್ರಿಯಲ್ಲಿ 20 ದಿನ ಇಟ್ಟರೆ ಸಾಯುತ್ತದೆ ಎಂದು ಅಮೆರಿಕದ ಸರ್ಕಾರವೇ ಹೇಳುತ್ತದಲ್ಲ.

ಮಿನ್ನೆಸೋಟ_ಕನ್ನಡಿಗ

ರವಿ ಅವರೇ, ಆ ಲೆಕ್ಕ ಸಾಕುಹಂದಿಯದು. 15 ಸೆಂಟಿಮೀಟರ್‌ಗಿಂತ ತೆಳುವಾದ ತುಂಡು, ಮೈನಸ್ 15ರಲ್ಲಿ 20 ದಿನ, ಅದರಲ್ಲಿ ಸಾಯುವುದು ಟ್ರೈಕಿನೆಲ್ಲಾ ಸ್ಪೈರಾಲಿಸ್ ಎಂಬ ಜಾತಿ. ಕರಡಿ ಮತ್ತು ಉತ್ತರದ ಮಾಂಸಾಹಾರಿ ಪ್ರಾಣಿಗಳಲ್ಲಿ ಇರುವುದು ಟ್ರೈಕಿನೆಲ್ಲಾ ನೇಟಿವಾ. ಹಿಮದಲ್ಲಿ ಬಿದ್ದ ಹೆಣದೊಳಗೆ ತಿಂಗಳುಗಟ್ಟಲೆ ಬದುಕಿ, ಅದನ್ನು ತಿಂದ ಮುಂದಿನ ಪ್ರಾಣಿಗೆ ದಾಟುವುದೇ ಅದರ ಜೀವನಕ್ರಮ. ಮನೆಯ ಫ್ರೀಜರ್ ಅದಕ್ಕೆ ಏನೂ ಅಲ್ಲ. ಯುರೋಪಿನ ಕಾಡುಹಂದಿಯಲ್ಲಿ ಸಿಗುವ ಟ್ರೈಕಿನೆಲ್ಲಾ ಬ್ರಿಟೋವಿ ಕೂಡ ಸ್ವಲ್ಪ ಮಟ್ಟಿಗೆ ಚಳಿ ತಡೆಯುತ್ತದೆ.

2022ರ ಪ್ರಕರಣ ಇದಕ್ಕೆ ಸಾಕ್ಷಿ. ಕೆನಡಾದ ಸಸ್ಕಾಚೆವಾನ್‌ನ ಉತ್ತರ ಭಾಗದಲ್ಲಿ ಹೊಡೆದ ಕಪ್ಪು ಕರಡಿಯ ಮಾಂಸವನ್ನು 45 ದಿನ ಫ್ರೀಜರ್‌ನಲ್ಲಿಟ್ಟು, ದಕ್ಷಿಣ ಡಕೋಟಾದಲ್ಲಿ ಕುಟುಂಬದವರು ಸೇರಿದಾಗ ತರಕಾರಿ ಜೊತೆ ಕಬಾಬ್ ಮಾಡಿದರು. ಮಾಂಸದ ಬಣ್ಣವೇ ಕಡುಗಪ್ಪಾದ್ದರಿಂದ ಬೆಂದಿದೆಯೋ ಇಲ್ಲವೋ ತಿಳಿಯಲಿಲ್ಲ. 6 ಜನರಿಗೆ ಕಾಯಿಲೆ ಬಂತು. ಅವರಲ್ಲಿ ಇಬ್ಬರು ಮಾಂಸ ಮುಟ್ಟಿರಲೇ ಇಲ್ಲ, ಅದರ ಜೊತೆ ಬೆಂದ ತರಕಾರಿ ಮಾತ್ರ ತಿಂದಿದ್ದರು. ಮೂರು ತಿಂಗಳಿಗೂ ಹೆಚ್ಚು ಕಾಲ ಹೆಪ್ಪುಗಟ್ಟಿದ್ದ ಉಳಿದ ಮಾಂಸದಲ್ಲಿ ಜೀವಂತವಾಗಿ ಅಲುಗುವ ನೇಟಿವಾ ಮರಿಗಳು ಸಿಕ್ಕವು.

ಒಂದೇ ಮದ್ದು ಬಿಸಿ. ದಪ್ಪ ತುಂಡಿನ ನಡುಮಧ್ಯೆ ಥರ್ಮಾಮೀಟರ್ ಚುಚ್ಚಿ 74 ಡಿಗ್ರಿ ಬಂದಿದೆಯೇ ನೋಡಿ. ಮರಿ ಅದಕ್ಕಿಂತ ಕೆಳಗೇ ಸಾಯುತ್ತದೆ, ಆದರೆ ತುಂಡಿನ ಎಲ್ಲ ಭಾಗಕ್ಕೂ ಒಂದೇ ಬಿಸಿ ತಲುಪುವುದಿಲ್ಲವಲ್ಲ, ಅದಕ್ಕೇ ಈ ಅಂತರ. ಮೂಳೆಗೆ ತಾಗಿಸಿ ಅಳೆಯಬೇಡಿ, ಲೆಕ್ಕ ತಪ್ಪುತ್ತದೆ. ಮೈಕ್ರೋವೇವ್ ಒಂದು ಕಡೆ ಸುಟ್ಟು ಇನ್ನೊಂದು ಕಡೆ ತಣ್ಣಗೆ ಬಿಡುತ್ತದೆ, ಅದನ್ನು ನೆಚ್ಚಬೇಡಿ.

ಕಾವೇರಿ_ಅಡುಗೆಮನೆ

ಕೊಡಗಿನ ಕಡೆಯವರು ಕೇಳುವ ಪ್ರಶ್ನೆ: ಕಾಚಂಪುಳಿಯಲ್ಲಿ ರಾತ್ರಿಯಿಡೀ ನೆನೆಸಿದರೆ ಹುಳಿಗೆ ಹುಳು ಸಾಯುವುದಿಲ್ಲವೇ? ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸದಲ್ಲಿ?

ಪಶುವೈದ್ಯೆ_ಹಾಸನ

ಸಾಯುವುದಿಲ್ಲ ಅಕ್ಕ. ನಮ್ಮ ಹೊಟ್ಟೆಯ ಆಮ್ಲ ಕಾಚಂಪುಳಿಗಿಂತ ತೀಕ್ಷ್ಣ. ಆ ಆಮ್ಲವೇ ಮಾಂಸ ಕರಗಿಸಿ ಮರಿಯನ್ನು ಬಿಡುಗಡೆ ಮಾಡುವುದು. ಪ್ರಯೋಗಾಲಯದವರು ಮೇಲೆ ಬರೆದ ವಿಧಾನ ನೋಡಿ, ಆಮ್ಲದಲ್ಲಿ ಅರ್ಧ ಗಂಟೆ ತಿರುಗಿಸಿಯೂ ಜೀವಂತ ಮರಿ ಸಿಗುತ್ತದೆ. ವಿನಿಗರ್, ನಿಂಬೆ, ಮೊಸರು ಯಾವುದೂ ಲೆಕ್ಕಕ್ಕಿಲ್ಲ. ಉಪ್ಪು ಹಾಕಿ ಒಣಗಿಸುವುದು, ಹೊಗೆ ಹಾಕುವುದು, ಅಮೆರಿಕದವರ ಜರ್ಕಿ, ಯುರೋಪಿನ ಹಸಿ ಸಾಸೇಜ್ ಎಲ್ಲವೂ ಇದೇ ಸಾಲಿಗೆ. ಒಣಗಿಸಲೇಬೇಕಿದ್ದರೆ ಮೊದಲು ಬೇಯಿಸಿ ಆಮೇಲೆ ಒಣಗಿಸಿ.

ನಮ್ಮ ಅಡುಗೆಯ ಬಲ ಪ್ರೆಶರ್ ಕುಕ್ಕರ್. ಒಳಗೆ 120 ಡಿಗ್ರಿ ಹತ್ತಿರ ಹೋಗುತ್ತದೆ. 3–4 ಸೆಂಟಿಮೀಟರ್ ತುಂಡು ಮಾಡಿ, ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಇಟ್ಟರೆ ಈ ಯಾವ ಹುಳುವೂ ಉಳಿಯುವುದಿಲ್ಲ. ಅಪಾಯ ಇರುವುದು ಸಾರಿನಲ್ಲಲ್ಲ. ಕಬಾಬ್, ಚಾಪ್ಸ್, ಬಾರ್ಬೆಕ್ಯೂಗಳಲ್ಲಿ. ಇನ್ನೊಂದು, ಕೈಮಾ ಕಲಸುವಾಗ ಉಪ್ಪು-ಖಾರ ಸರಿಯಿದೆಯೇ ಎಂದು ಹಸಿ ಮಾಂಸವನ್ನೇ ನಾಲಿಗೆಗೆ ಇಟ್ಟು ನೋಡುವ ಅಭ್ಯಾಸ. ಚಿಟಿಕೆಯಷ್ಟನ್ನು ಬಾಣಲೆಯಲ್ಲಿ ಹುರಿದು ರುಚಿ ನೋಡಿ.

ಡಾಕ್ಟರ್_ಮಂಡ್ಯ

ತಿಂದಾದ ಮೇಲೆ ಏನಾಗುತ್ತದೆ ಎಂಬುದನ್ನು ಸೇರಿಸುತ್ತೇನೆ. ಮರಿ ಸಣ್ಣ ಕರುಳಿನಲ್ಲಿ ಎರಡು ದಿನಕ್ಕೆಲ್ಲ ಬಲಿತು, ಒಂದು ವಾರದೊಳಗೆ ಹೆಣ್ಣು ಹುಳು ನೂರಾರು ಹೊಸ ಮರಿ ಹಾಕುತ್ತದೆ. ಅವು ರಕ್ತದಲ್ಲಿ ಹರಿದು ಮಾಂಸಖಂಡ ಸೇರುತ್ತವೆ. ಮೊದಲ ದಿನಗಳಲ್ಲಿ ವಾಂತಿ-ಭೇದಿ, ಹೊಟ್ಟೆನೋವು. ಎಲ್ಲರೂ ಫುಡ್ ಪಾಯ್ಸನ್ ಎಂದುಕೊಳ್ಳುತ್ತಾರೆ. 2ರಿಂದ 8 ವಾರಗಳ ನಡುವೆ ಜ್ವರ, ಮೈಕೈ ನೋವು, ಕಣ್ಣಿನ ಸುತ್ತ ಊತ. ಜ್ವರದ ಜೊತೆ ಕಣ್ಣಿನ ಸುತ್ತ ಊತ ಬಂದರೆ, ಬೇಟೆ ಮಾಂಸ ತಿಂದದ್ದನ್ನು ವೈದ್ಯರು ಕೇಳುವ ಮುಂಚೆ ನೀವೇ ಹೇಳಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ರಕ್ತದಲ್ಲಿ ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣ ಏರಿರುತ್ತದೆ, ಸ್ನಾಯುವಿನ ಕಿಣ್ವ ಸಿ.ಕೆ. ಕೂಡ. ಆಂಟಿಬಾಡಿ ಪರೀಕ್ಷೆ 3ರಿಂದ 5 ವಾರದವರೆಗೆ ನೆಗೆಟಿವ್ ಬರಬಹುದು, ಒಂದೇ ಸಲ ಮಾಡಿಸಿ ನಿಶ್ಚಿಂತರಾಗಬಾರದು. ಔಷಧಿ ಆಲ್ಬೆಂಡಜೋಲ್ 400 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, 8ರಿಂದ 14 ದಿನ. ಕರುಳಿನಲ್ಲಿ ಹುಳು ಇರುವಾಗಲೇ ಕೊಟ್ಟರೆ ಹೆಚ್ಚು ಪ್ರಯೋಜನ. ಮಾಂಸಖಂಡ ಸೇರಿದ ಮರಿಗಳ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ. ಊತ, ಹೃದಯದ ತೊಂದರೆ ಇದ್ದರೆ ಸ್ಟೆರಾಯ್ಡ್ ಬೇಕಾಗುತ್ತದೆ, ಅದನ್ನು ವೈದ್ಯರೇ ನಿರ್ಧರಿಸಬೇಕು. ಜಂತುಹುಳುವಿಗೆ ಮಕ್ಕಳಿಗೆ ಕೊಡುವ ಒಂದು ಮಾತ್ರೆ ನುಂಗಿ ಸುಮ್ಮನಾಗಬೇಡಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಜರ್ಮನಿಯವರು ಇಷ್ಟು ಬಿಗಿಯಾಗಿರುವುದಕ್ಕೆ ಇತಿಹಾಸವಿದೆ. 1835ರಲ್ಲಿ ಲಂಡನ್ನಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಜೇಮ್ಸ್ ಪ್ಯಾಜೆಟ್ ಶವದ ಮಾಂಸಖಂಡದಲ್ಲಿ ಈ ಹುಳು ಕಂಡರು. 1860ರಲ್ಲಿ ಡ್ರೆಸ್ಡೆನ್‌ನಲ್ಲಿ ಝೆಂಕರ್ ಎಂಬ ವೈದ್ಯರು ಅದು ಹಂದಿಮಾಂಸದಿಂದ ಬಂದು ಸಾವಿಗೆ ಕಾರಣವಾಗುತ್ತದೆ ಎಂದು ತೋರಿಸಿದರು. 1865ರಲ್ಲಿ ಹೆಡರ್ಸ್‌ಲೆಬೆನ್ ಊರಿನಲ್ಲಿ ಹಸಿ ಹಂದಿ ಕೈಮಾ ತಿಂದ 337 ಜನ ಕಾಯಿಲೆ ಬಿದ್ದು 101 ಜನ ಸತ್ತರು.

ಮಿನ್ನೆಸೋಟ_ಕನ್ನಡಿಗ

ಲಿವರ್ ಗಂಟಿನ ಪ್ರಶ್ನೆ ಉಳಿದಿದೆ. ಕಪ್ಪು ಕೆಸರು ಅಂದರೆ ಬಹುಮಟ್ಟಿಗೆ ಫ್ಯಾಸಿಯೊಲೊಯಿಡಿಸ್ ಮ್ಯಾಗ್ನಾ, ದೈತ್ಯ ಲಿವರ್ ಫ್ಲೂಕ್. 10 ಸೆಂಟಿಮೀಟರ್‌ವರೆಗೆ ಉದ್ದ, ಎಲೆಯಂತೆ ಚಪ್ಪಟೆ. ಗಂಟು ಕತ್ತರಿಸಿದರೆ ಹಲವು ಸಲ ಎರಡು ಹುಳು ಜೊತೆಯಾಗಿ ಸಿಗುತ್ತವೆ. ಇದರ ತವರು ಉತ್ತರ ಅಮೆರಿಕ. 19ನೇ ಶತಮಾನದಲ್ಲಿ ಬೇಟೆಗೆಂದು ಹಡಗಿನಲ್ಲಿ ತಂದ ವಾಪಿಟಿ ಜಿಂಕೆಗಳ ಜೊತೆ ಇಟಲಿಯ ಟೂರಿನ್ ಬಳಿಯ ಲಾ ಮಾಂಡ್ರಿಯಾ ಕಾಡಿಗೆ ಬಂತು. 1875ರಲ್ಲಿ ಬಾಸ್ಸಿ ಎಂಬ ವಿಜ್ಞಾನಿ ಅದನ್ನು ವಿವರಿಸಿದ್ದೂ ಅಲ್ಲಿಂದಲೇ. ಈಗ ಚೆಕ್ ದೇಶದಲ್ಲೂ ಡ್ಯಾನ್ಯೂಬ್ ನದಿಯ ಜೌಗು ಕಾಡುಗಳಲ್ಲೂ ನೆಲೆಯಾಗಿದೆ.

ಬಿಳಿಬಾಲದ ಜಿಂಕೆ, ಕೆಂಪು ಜಿಂಕೆಗಳ ದೇಹ ಹುಳುವನ್ನು ಗಂಟಿನೊಳಗೆ ಕಟ್ಟಿಹಾಕುತ್ತದೆ, ಪ್ರಾಣಿ ಬದುಕುತ್ತದೆ. ರೋ ಜಿಂಕೆ, ಕುರಿ, ಮೇಕೆಗಳಲ್ಲಿ ಕಟ್ಟಿಹಾಕಲಾಗದೆ ಹುಳು ಲಿವರ್ ತುಂಬ ಕೊರೆಯುತ್ತ ಅಲೆಯುತ್ತದೆ. ನಾಲ್ಕಾರು ಹುಳು ಸಾಕು, ರಕ್ತಸ್ರಾವದಿಂದ ಸಾಯುತ್ತವೆ. ಆದ್ದರಿಂದ ಒಂದೇ ಜೌಗಿನಲ್ಲಿ ಜಿಂಕೆಯೂ ಕುರಿಯೂ ಮೇಯಬಾರದು. ಈ ಹುಳು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹೋಗಲು ನಡುವೆ ಸಣ್ಣ ಸಿಹಿನೀರಿನ ಬಸವನಹುಳು ಬೇಕು, ಅದು ಇಲ್ಲದ ಒಣ ಗುಡ್ಡದಲ್ಲಿ ಈ ರೋಗ ನಿಲ್ಲುವುದಿಲ್ಲ.

ಮನುಷ್ಯರಿಗೆ? ಹುಳು ಇರುವ ಲಿವರ್ ತಿಂದು ಫ್ಲೂಕ್ ಅಂಟುವುದಿಲ್ಲ, ಅಂಟುವ ಹಂತ ನೀರಿನ ಗಿಡಗಳ ಎಲೆಯ ಮೇಲೆ ಇರುತ್ತದೆ. ಲಿವರ್ ಎಸೆಯಿರಿ, ಮಾಂಸ ಇಟ್ಟುಕೊಳ್ಳಿ.

ಮಿದುಳಿನ ಹುಳು ಪ್ಯಾರೆಲಫೋಸ್ಟ್ರಾಂಜಿಲಸ್ ಟೆನ್ಯುಯಿಸ್ ಬಗ್ಗೆಯೂ ಇಲ್ಲಿ ಬಹಳ ಜನ ಕೇಳುತ್ತಾರೆ. ಬಿಳಿಬಾಲದ ಜಿಂಕೆಗೆ ಅದರಿಂದ ಏನೂ ಆಗುವುದಿಲ್ಲ. ಅದೇ ಹುಳು, ಹುಲ್ಲಿನ ಜೊತೆ ನುಂಗಿದ ಬಸವನಹುಳುವಿನ ಮೂಲಕ ಮೂಸ್‌ಗೆ ಹೋದರೆ, ಮೂಸ್ ತಲೆ ವಾಲಿಸಿ ಒಂದೇ ಕಡೆ ಸುತ್ತುತ್ತದೆ, ಹಿಂಗಾಲು ಬೀಳುತ್ತದೆ, ಜನರ ಭಯ ಹೋಗುತ್ತದೆ. ಜಿಂಕೆ ಹೆಚ್ಚಿದ ಕಾಡಿನಲ್ಲಿ ಮೂಸ್ ಕುಸಿಯುವುದಕ್ಕೆ ಇದೂ ಕಾರಣ. ಹುಳು ಮಾಂಸದಿಂದ ನಮಗೆ ಬರುವುದಿಲ್ಲ. ಆದರೆ ರೇಬಿಸ್ ಇದ್ದರೂ, ಜಿಂಕೆ ಜಾತಿಯ ಮಿದುಳಿನ ರೋಗ ಸಿ.ಡಬ್ಲ್ಯು.ಡಿ. (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಇದ್ದರೂ ವರ್ತನೆ ಹೀಗೆಯೇ ಕೆಡಬಹುದು. ಸಿ.ಡಬ್ಲ್ಯು.ಡಿ. ತರುವ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್ ಬೇಯಿಸಿದರೂ ಹೋಗುವುದಿಲ್ಲ. ವಿಚಿತ್ರವಾಗಿ ನಡೆಯುವ ಪ್ರಾಣಿಯನ್ನು ಹೊಡೆದು ತಿನ್ನಬೇಡಿ, ವನ್ಯಜೀವಿ ಇಲಾಖೆಗೆ ತಿಳಿಸಿ.

ಕಬಿನಿ_ರವಿ

ಫ್ರೀಜರ್ ವಿಷಯ ಅರ್ಥವಾಯಿತು. ಊರಲ್ಲಿ ಕಾಡುಹಂದಿ ಮಾಂಸ ಸಿಗುತ್ತದೆ ಎಂದು ತರುವವರಿಗೆ ಏನು ಹೇಳುವುದು?

ಪಶುವೈದ್ಯೆ_ಹಾಸನ

ಮೊದಲನೆಯದಾಗಿ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಬೇಟೆ ಅಪರಾಧ. ಕದ್ದು ತಂದ ಮಾಂಸಕ್ಕೆ ತಪಾಸಣೆಯೂ ಇರುವುದಿಲ್ಲ, ರೋಗವೂ ಲೆಕ್ಕಕ್ಕೆ ಬರುವುದಿಲ್ಲ. ಉತ್ತರಾಖಂಡದಲ್ಲಿ ಕಾಡುಹಂದಿ ಮಾಂಸದಿಂದ ಜನರಿಗೆ ಟ್ರೈಕಿನೆಲ್ಲಾ ಬಂದದ್ದು ವೈದ್ಯಕೀಯ ದಾಖಲೆಯಲ್ಲಿದೆ, ಹಾಗಾಗಿ ಅದು ನಮ್ಮ ದೇಶದ ರೋಗವಲ್ಲ ಎನ್ನುವಂತಿಲ್ಲ. ಕಾಡಂಚಿನಲ್ಲಿ ಸತ್ತ ಜಿಂಕೆ, ಕಾಟಿ ಕಂಡರೆ ಸೀಳಿ ನೋಡಬೇಡಿ, ಅರಣ್ಯ ಇಲಾಖೆಗೆ ಹೇಳಿ. ಹುಳುವಿಗಿಂತ ಆಂಥ್ರಾಕ್ಸ್ ದೊಡ್ಡ ಅಪಾಯ.

ತುಂಗಾತೀರ (ಬವೇರಿಯಾ)

ನರಿ ಹೊಡೆದು ಚರ್ಮ ತೆಗೆಯುವವರಿಗೆ ಬೇರೆ ಎಚ್ಚರಿಕೆ ಇದೆಯೇ? ಕರುಳು-ಗಿರುಳು ಕಾಡಿನಲ್ಲೇ ಬಿಡಬಹುದೇ?

ಲ್ಯಾಬ್_ಬೆಂಚು

ನರಿ ಎಂದರೆ ಎಕಿನೊಕಾಕಸ್ ಮಲ್ಟಿಲಾಕ್ಯುಲಾರಿಸ್, ಅದರ ಕರುಳಿನ ಲಾಡಿಹುಳು. ಯುರೋಪಿನ ಬೇಟೆಗಾರರು ಟ್ರೈಕಿನೆಲ್ಲಾಗಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ. ತುಪ್ಪಳಕ್ಕೆ ಅಂಟಿದ ಮೊಟ್ಟೆ ಬಾಯಿಗೆ ಹೋದರೆ ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್‌ನಲ್ಲಿ ಗಡ್ಡೆಯಂತೆ ಹರಡುತ್ತದೆ. ಕೈಗವಸು, ಮುಖಗವಸು ಬೇಕೇ ಬೇಕು. ತುಪ್ಪಳವನ್ನು ಒದ್ದೆ ಮಾಡಿ ಕೆಲಸ ಮಾಡಿ, ಧೂಳು ಏಳಬಾರದು. ಮನೆಯ ಮೈನಸ್ 20 ಡಿಗ್ರಿ ಫ್ರೀಜರ್‌ನಲ್ಲಿ ಆ ಮೊಟ್ಟೆ ಸಾಯುವುದಿಲ್ಲ. ಪ್ರಯೋಗಾಲಯದವರು ನರಿಯನ್ನು ಮುಟ್ಟುವ ಮುಂಚೆ ಮೈನಸ್ 80ರಲ್ಲಿ ಹಲವು ದಿನ ಇಡುತ್ತಾರೆ. ಸ್ಪಿರಿಟ್, ಸ್ಯಾನಿಟೈಸರ್‌ಗೂ ಬಗ್ಗುವುದಿಲ್ಲ. ಕುದಿಯುವ ನೀರು ಕೆಲಸ ಮಾಡುತ್ತದೆ. ಬೇಟೆನಾಯಿ ಇಲಿ ಹಿಡಿದು ತಿನ್ನುವ ಅಭ್ಯಾಸದ್ದಾದರೆ ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಕೊಡಿಸಿ. ಸಾಮಾನ್ಯ ದುಂಡುಹುಳುವಿನ ಮಾತ್ರೆ ಈ ಲಾಡಿಹುಳುವಿಗೆ ನಾಟುವುದಿಲ್ಲ.

ಸುಲಿದ ನರಿಯ ದೇಹ, ಹಂದಿಯ ತಲೆ, ಕಾಲು ಕಾಡಿನಲ್ಲಿ ಬಿಡಬೇಡಿ. ಕೊಳೆಯುತ್ತಿರುವ ಮಾಂಸದಲ್ಲೂ ಟ್ರೈಕಿನೆಲ್ಲಾ ವಾರಗಟ್ಟಲೆ ಬದುಕಿ, ಅದನ್ನು ತಿಂದ ಮುಂದಿನ ಹಂದಿಗೆ ದಾಟುತ್ತದೆ. ನಿಮ್ಮ ಜಿಲ್ಲೆಯ ಹೆಣ ಸಂಗ್ರಹ ಕೇಂದ್ರದ ಪೀಪಾಯಿಗೆ ಹಾಕಿ. ಆಫ್ರಿಕನ್ ಹಂದಿಜ್ವರದ ಕಾರಣಕ್ಕೂ ಈಗ ಇದು ಮುಖ್ಯ.

ಕಾವೇರಿ_ಅಡುಗೆಮನೆ

ಕೈಮಾ ಯಂತ್ರ ತೊಳೆಯುವ ಬಗ್ಗೆಯೂ ಹೇಳಿಬಿಡಿ.

ಪಶುವೈದ್ಯೆ_ಹಾಸನ

ಬೇಟೆ ಮಾಂಸ ಅರೆದ ಯಂತ್ರದಲ್ಲೇ ಬೇರೆ ಮಾಂಸ ಅರೆದು ಅದನ್ನು ಅರೆಬೇಯಿಸಿ ತಿಂದರೆ ಅಪಾಯ ಅದಕ್ಕೂ ದಾಟುತ್ತದೆ. ಅಲಗು, ಜಾಲರಿ, ಸುರುಳಿ ಮೂರನ್ನೂ ಬಿಚ್ಚಿ, ಸಂದಿಯಲ್ಲಿ ಉಳಿದ ಚೂರನ್ನು ಬ್ರಷ್‌ನಿಂದ ತೆಗೆದು, ಸೋಪಿನಲ್ಲಿ ಉಜ್ಜಿ, ಕುದಿಯುವ ನೀರು ಸುರಿಯಿರಿ. ಸಾಧ್ಯವಾದರೆ ಬೇಟೆ ಮಾಂಸವನ್ನು ಕೊನೆಯಲ್ಲಿ ಅರೆಯಿರಿ. ಫ್ರೀಜರ್ ಪೊಟ್ಟಣದ ಮೇಲೆ ಪ್ರಾಣಿಯ ಹೆಸರು, ಹೊಡೆದ ದಿನ, ಬಿಲ್ಲೆ ಸಂಖ್ಯೆ, ಪರೀಕ್ಷೆ ಆಗಿದೆಯೋ ಇಲ್ಲವೋ ಎಂದು ಬರೆದಿಡಿ. ಬೇರೆಯವರಿಗೆ ಕೊಡುವಾಗ ಆ ಚೀಟಿಯೂ ಜೊತೆಗೆ ಹೋಗಲಿ. ಪರೀಕ್ಷೆಯಾಗದ ಕರಡಿ ಅಥವಾ ಹಂದಿ ಮಾಂಸವಾದರೆ "ಕುಕ್ಕರ್‌ಗೆ ಮಾತ್ರ" ಎಂದು ಅದರ ಮೇಲೇ ದಪ್ಪಕ್ಷರದಲ್ಲಿ ಬರೆಯಿರಿ.